ಬೆಲ್ಲದ ಆನೆ

ಹುಣ್ಣಿಮೆಯ ದಿನ ಹರಪನಹಳ್ಳಿಯಿಂದ ಬೆಳಗಿನ ಮೂರನೇ ಬಸ್ಸೂ ಬಂದು ಹೋಯಿತು. ನಮ್ಮ ಯಜಮಾನರು ಹಾಲಸ್ವಾಮಿ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು, ಕಟ್ಟೆಯ ಮೇಲೆ ಕುಳಿತು, ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಕಾರ್ತೀಕದ ಚಳಿಯಲ್ಲಿ ಬೆವರು ಎಲ್ಲಿಂದ ಬರಬೇಕು? ಏನು ಹೇಳಬೇಕೆಂದು ತಿಳಿಯದಿದ್ದಾಗ ಅವರು ಹೀಗೆ ಒಣ ಮುಖ ಒರೆಸಿಕೊಳ್ಳುತ್ತಾರೆ.

“ಯಾರೂ ಇಳೀಲಿಲ್ಲ” ಎಂದರು.

“ಕಣ್ಣು ಬಿಟ್ಟು ನೋಡಿದ್ರೋ, ಚಾದಂಗಡಿ ಕಡಿ ಮುಖ ಮಾಡಿ ಕುಂತಿದ್ರೋ?”

“ಇಳಿದೋರನ್ನೆಲ್ಲ ನೋಡೀನಿ ಗುರುಬಸಮ್ಮ. ಅವರ ಮನಿಯೋರು ಒಬ್ರೂ ಇಲ್ಲ.”

ನನ್ನ ಬಾಯಿ ಜೋರು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಹೊತ್ತು ಬೈಯುವುದು ಬಿಟ್ಟು ಒಳಬಾಗಿಲ ಕಡೆ ನೋಡಿದೆ. ಒಳಗೆ ಅಡುಗೆಮನೆಯಲ್ಲಿ ಮಗಳು ಅರ್ಚನಾ ಪಾತ್ರೆ ತಿಕ್ಕುತ್ತಿದ್ದಳು. ಅವಳ ಕೈಯ ಸದ್ದು ನಿಂತಿತು.

ನಮ್ಮ ಕಡೆ ಮದುವೆ ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಯಲ್ಲಿ ಬೀಗರ ಮನೆಯಿಂದ ಸಕ್ಕರೆ ಆರತಿ ಬರಬೇಕು. ಸಕ್ಕರೆ ಪಾಕವನ್ನು ಮರದ ಅಚ್ಚಿಗೆ ಎರೆದು ಮಾಡಿದ ಬಿಳಿ ಆನೆ, ನವಿಲು, ಬಸವಣ್ಣ, ಕಳಸ. ಜೊತೆಗೆ ಒಂದು ಸೀರೆ, ಹೂವು, ಬಳೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಹುಡುಗಿಯರೆಲ್ಲ ಆ ಗೊಂಬೆಗಳನ್ನು ತಾಟಿನಲ್ಲಿ ಜೋಡಿಸಿಕೊಂಡು ಮಠದ ಪಡಸಾಲೆಯಲ್ಲಿ ಕೂರಿಸಿದ ಗೌರಿಗೆ ಬೆಳಗುತ್ತಾರೆ. ಬೆಳಗಿದ ಮೇಲೆ ಹಂಚಿ ತಿನ್ನುತ್ತಾರೆ. ಇದು ಹುಡುಗಿಯರ ಹಬ್ಬ ಎಂದು ಹೆಸರಿಗೆ. ನಿಜವಾಗಿ ಅವತ್ತು ಹೆಂಗಸರು ತಾಟು ನೋಡಲು ಬರುತ್ತಾರೆ. ಯಾರಿಗೆ ಎಷ್ಟು ಬಂತು, ಯಾರು ತಂದರು, ಆನೆ ಜೋಡಿ ಇದೆಯೋ ಒಂಟಿಯೋ. ಆರತಿ ಬರಲಿಲ್ಲವೆಂದರೆ ಸಂಬಂಧ ಮುರಿಯಿತು ಎಂದೇ ಲೆಕ್ಕ. ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ.

ಅರ್ಚನಾಳಿಗೆ ಹರಪನಹಳ್ಳಿಯ ಪ್ರವೀಣಕುಮಾರನ ಜೊತೆ ನಿಶ್ಚಯವಾಗಿ ಮೂರು ವರ್ಷವಾಗುತ್ತ ಬಂದಿತ್ತು. ನಿಶ್ಚಯವಾದ ವರ್ಷದ ಬೇಸಿಗೆಯಲ್ಲೇ ಮದುವೆ ಆಗಬೇಕಿತ್ತು. ಹುಡುಗನ ಅಜ್ಜ ತೀರಿಕೊಂಡರು, ಒಂದು ವರ್ಷ ಬೇಡ ಎಂದರು. ಆಮೇಲೆ ಮನೆ ಕಟ್ಟಿಸುತ್ತಿದ್ದೇವೆ, ಗೃಹಪ್ರವೇಶ ಆಗಲಿ ಎಂದರು. ಮೊದಲ ವರ್ಷದ ಗೌರಿಗೆ ಜೀಪಿನಲ್ಲಿ ಒಂಬತ್ತು ಜನ ಬಂದಿದ್ದರು. ಒಂದು ಬುಟ್ಟಿ ತುಂಬ ಸಕ್ಕರೆ ಗೊಂಬೆ. ಎರಡನೇ ವರ್ಷ ಹುಡುಗನ ಚಿಕ್ಕಪ್ಪ ಒಬ್ಬರೇ ಬಸ್ಸಿಗೆ ಬಂದು, ಹೊಸ್ತಿಲ ಹೊರಗೇ ಚೀಲ ಕೊಟ್ಟು, ಚಹಾ ಕುಡಿಯದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನನಗೆ ಆಗಲೇ ತಿಳಿಯಬೇಕಿತ್ತು. ತಿಳಿದಿತ್ತೋ ಏನೋ. ತಿಳಿಯದವಳ ಹಾಗೆ ಇದ್ದುಬಿಟ್ಟೆ.

“ಒಂದು ಫೋನ್ ಹಚ್ಚಿ ಕೇಳ್ಲೇನು?” ಎಂದರು ಯಜಮಾನರು.

“ಏನಂತ ಕೇಳ್ತೀರಿ? ಸಕ್ರಿ ಕಳಸ್ರಿ ಅಂತಾನ? ಹೆಣ್ಣಿನ ಕಡಿಯೋರು ನಾವು. ಬೇಡಿ ಇಸ್ಕೊಂಡ ಆರತಿ ನನ್ನ ಮಗಳು ಬೆಳಗಂಗಿಲ್ಲ.”

“ಮತ್ತ ಸಂಜಿಗೆ ಏನ್ ಮಾಡ್ತೀ?”

ನಾನು ನೆಟ್ಟಗೆ ಒಳಗೆ ಹೋದೆ. ಅರ್ಚನಾ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನೀನು ಕಲ್ತಿಯಲ್ಲ ಆ ಬಿಸ್ಕೀಟು, ಸಕ್ರಿದು, ಮಾಡು” ಎಂದೆ.

“ಯಾಕವ್ವ?”

“ನಮ್ಮ ಅಚ್ಚಿನಾಗ ಒತ್ತಿ ಮಾಡು. ಆನಿ, ನವಿಲು ಎಲ್ಲಾ. ಮ್ಯಾಲೆ ಬಣ್ಣ ಹಾಕು. ಬರೇ ಸಕ್ರಿ ಎರದ್ರ ನಮ್ಮ ಅಚ್ಚು ಅಂತ ಗುರ್ತು ಹಿಡೀತಾರ. ಬೀಗರ ಮನ್ಯಾಗಿಂದ ಬಂತು ಅಂತ ಹೇಳೋಣು. ಈ ವರ್ಷ ಹೊಸ ನಮೂನಿ, ಹರಪನಹಳ್ಳಿ ಬೇಕರ್ಯಾಗ ಮಾಡಿಸ್ಯಾರ ಅಂದ್ರ ಆತು.”

ಅವಳು ನನ್ನ ಮುಖವನ್ನೇ ನೋಡಿದಳು. ಇಪ್ಪತ್ತೆರಡು ವರ್ಷದ ಹುಡುಗಿ. ಆದರೆ ಆ ನೋಟ ನನ್ನ ಸತ್ತುಹೋದ ಅತ್ತೆಯ ನೋಟದ ಹಾಗಿತ್ತು. ಅತ್ತೆಯೂ ನನ್ನನ್ನು ಹೀಗೆಯೇ, ಏನೂ ಅನ್ನದೆ ನೋಡುತ್ತಿದ್ದಳು.

ಬಿಸ್ಕತ್ತಿನ ಸಂಗತಿ ಹೇಳಬೇಕು. ಆ ವರ್ಷ, ಎರಡು ಸಾವಿರದ ಒಂದರ ಶ್ರಾವಣದಲ್ಲಿ, ನಮ್ಮ ಊರ ಮಹಿಳಾ ಮಂಡಳದವರು ಹತ್ತು ದಿನ ಬೇಕರಿ ತಿಂಡಿ ಮಾಡುವುದನ್ನು ಕಲಿಸಿದರು. ಅರ್ಚನಾ ಹೋಗುತ್ತೇನೆಂದಳು. ಅತ್ತೆಯ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನಾನು ಹೂಂ ಅಂದೆ. ಆ ಮೂರು ವರ್ಷದಲ್ಲಿ ಅವಳು ಕೇಳಿದ್ದಕ್ಕೆ ನಾನು ಹೂಂ ಅಂದದ್ದು ಅದೊಂದಕ್ಕೇ. ಡಿಗ್ರಿಗೆ ಸೇರುತ್ತೇನೆಂದಾಗ “ಮದುವಿ ಆಗ್ಲಿ ಮೊದ್ಲು” ಎಂದಿದ್ದೆ. ಕೂದಲು ಸ್ವಲ್ಪ ಕತ್ತರಿಸಿಕೊಳ್ಳುತ್ತೇನೆಂದಾಗಲೂ ಅದೇ. ಬೇಕರಿ ಕಲಿಸಿದ ಮೇಡಂ ಇವಳ ಕೈ ನೋಡಿ ಮೆಚ್ಚಿ, ದಾವಣಗೆರೆಯಲ್ಲಿ ಆರು ತಿಂಗಳು ಪೂರಾ ಕಲಿಸುತ್ತಾರೆ, ಕಳಿಸಿಕೊಡಿ ಎಂದು ಮನೆಗೇ ಬಂದು ಹೇಳಿದ್ದರು. ಅವರಿಗೂ ಚಹಾ ಕೊಟ್ಟು ಅದೇ ಮಾತು ಹೇಳಿ ಕಳಿಸಿದ್ದೆ.

ಅಚ್ಚುಗಳು ನನ್ನ ತವರಿನವು. ಹಳೆಯ ಸಾಗುವಾನಿ ಮರದವು. ಎರಡು ಹೋಳು ಕೂಡಿಸಿ ದಾರ ಕಟ್ಟಿ ಪಾಕ ಎರೆಯುವಂಥವು. ಓಣಿಯಲ್ಲಿ ಅಂಥವು ಬೇರೆ ಯಾರ ಮನೆಯಲ್ಲೂ ಇಲ್ಲ. ಕಾರ್ತೀಕ ಬಂತೆಂದರೆ ಇನ್ನೂ ನಿಶ್ಚಯವಾಗದ ಹುಡುಗಿಯರಿಗೆ ಮನೆಯಲ್ಲೇ ಗೊಂಬೆ ಮಾಡಲು ಒಬ್ಬರಾದ ಮೇಲೆ ಒಬ್ಬರು ಒಯ್ಯುತ್ತಿದ್ದರು, ನಾನು ನೂರು ಮಾತು ಹೇಳಿ ಕೊಡುತ್ತಿದ್ದೆ. ಎಂಟು ವರ್ಷದ ಹಿಂದೆ ಎದುರು ಮನೆಯ ಹಂಪಕ್ಕ ಒಯ್ದಾಗ ಆನೆಯ ಅಚ್ಚು ಅವಳ ಕೈ ಜಾರಿ ಕಲ್ಲಿನ ಮೇಲೆ ಬಿತ್ತು. ಸೊಂಡಿಲ ತುದಿ ಇರುವಲ್ಲಿ ಮರದ ಒಂದು ಚಕ್ಕೆ ಎದ್ದುಹೋಯಿತು. ಅಲ್ಲಿ ಕುಳಿ ದೊಡ್ಡದಾಗಿ, ಅಂದಿನಿಂದ ಆ ಅಚ್ಚಿನ ಆನೆಗಳೆಲ್ಲ ಸೊಂಡಿಲ ತುದಿಯಲ್ಲಿ ಒಂದು ಉಂಡೆ ಹಿಡಿದೇ ಹುಟ್ಟುತ್ತವೆ. ಮಕ್ಕಳು ಅದಕ್ಕೆ ಬೆಲ್ಲದ ಆನೆ ಎಂದು ಹೆಸರಿಟ್ಟರು. ನಾನು ಹಂಪಕ್ಕನನ್ನು ಓಣಿಯ ನಡುವೆ ನಿಲ್ಲಿಸಿ ಬೈದೆ. ಅಚ್ಚಿಗೆ ಬೈದು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಅವಳ ಕೈಗೆ ಬೈದೆ, ಅವಳ ಮನೆತನಕ್ಕೆ ಬೈದೆ, ಆ ವರ್ಷವೇ ಗಂಡನ ಮನೆಯಿಂದ ತಿರುಗಿ ಬಂದಿದ್ದ ಅವಳ ಮಗಳನ್ನೂ ಎಳೆದು ತಂದೆ. “ನಿನ್ನ ಕೈಗೆ ಕೊಟ್ಟಿದ್ದು ಯಾವುದು ನೆಟ್ಟಗ ಉಳದೈತಿ?” ಎಂದೆ. ಹಂಪಕ್ಕ ಅಚ್ಚನ್ನು ನನ್ನ ಕೈಗಿಟ್ಟು ಮನೆಗೆ ಹೋದಳು. ಎಂಟು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ಬೆಳಿಗ್ಗೆ ಇಬ್ಬರೂ ಎದುರು ಬದುರು ರಂಗೋಲಿ ಹಾಕುತ್ತೇವೆ, ತಲೆ ಎತ್ತುವುದಿಲ್ಲ.

ಅರ್ಚನಾ ಮೈದಾ ಜರಡಿ ಹಿಡಿದಳು. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಬೆಣ್ಣೆಗೆ ಹಾಕಿ, ಬೆಳ್ಳಗಾಗುವ ತನಕ ಅಂಗೈಯಿಂದ ಉಜ್ಜಿದಳು. ಏಲಕ್ಕಿ, ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಸೋಡಾ. ನಾನು ಹಿತ್ತಿಲಲ್ಲಿ ಕಟ್ಟಿಗೆ ಒಲೆ ಹೊತ್ತಿಸಿ, ದೊಡ್ಡ ಬೋಗುಣಿಗೆ ಮರಳು ಸುರಿದು ಕಾಯಲು ಇಟ್ಟೆ. ಮರಳಿನ ಮೇಲೆ ಒಂದು ಸಿಂಬಿ, ಅದರ ಮೇಲೆ ಬಿಸ್ಕತ್ತಿನ ತಾಟು, ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಇದನ್ನೂ ಮೇಡಂ ಹೇಳಿಕೊಟ್ಟಿದ್ದೇ. ಅವರ ದೊಡ್ಡ ಓವನ್ನು ನಮ್ಮ ಮನೆಗಳಿಗೆ ಎಲ್ಲಿಂದ ಬರಬೇಕು?

ಮೊದಲ ತಾಟು ತೆಗೆದು ನೋಡಿದೆ. ಎಲ್ಲವೂ ಹರಡಿಕೊಂಡಿದ್ದವು. ನವಿಲು ಕೋಳಿಯಾಗಿತ್ತು. ಆನೆ ಕೆಸರಲ್ಲಿ ಮಲಗಿದ ಎಮ್ಮೆಯ ಹಾಗಾಗಿತ್ತು.

“ಇದನ್ನೇನು ಕಲ್ತೀಯವ್ವ ಹತ್ತು ದಿನ! ಇದನ್ನ ತಾಟಿನಾಗ ಇಟ್ರ ಗೌರಮ್ಮನಽ ಎದ್ದು ಹೋಗ್ತಾಳ.”

ಅರ್ಚನಾ ಒಂದನ್ನು ಮುರಿದು, ಮೂಸಿ, ತಿಂದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವವಳ ಹಾಗೆ, “ಸೋಡಾ ಬ್ಯಾಡ” ಎಂದಳು. “ಸೋಡಾ ಹಾಕಿದ್ರ ಉಬ್ಬತೈತಿ. ಉಬ್ಬಿದ್ದು ಹರಡತೈತಿ. ಹಿಟ್ಟು ತಣ್ಣಗಿರಬೇಕು.”

ಮತ್ತೆ ಹಿಟ್ಟು ಕಲಸಿದಳು. ಫ್ರಿಜ್ಜು ಇಲ್ಲವಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕುಡಿಯುವ ನೀರಿನ ಹರವಿಯೊಳಗೆ ತೇಲಿಬಿಟ್ಟಳು. ಒಂದು ತಾಸು ಕಾಯಬೇಕೆಂದಳು. ನಾನು ಒಲೆಯ ಮುಂದೆ ಕೂತು ಉರಿ ತಗ್ಗಿಸಿದೆ. ಅವಳು ಪಕ್ಕದಲ್ಲಿ ಬಂದು ಕುಳಿತಳು.

“ಯವ್ವಾ, ಒಂದು ಮಾತು ಹೇಳ್ಲಾ? ಬೈಬಾರ್ದು.”

“ಹೇಳು.”

“ಬಂದಿಲ್ಲ ಅಂತ ಹೇಳಿಬಿಡಾಣ.”

“ಹೇಳಿದ್ರ ಏನಾಕ್ಕೈತಿ ಗೊತ್ತೈತೇನು ನಿನಗ?”

“ಗೊತ್ತೈತಿ. ಮುರೀತು ಅಂತಾರ. ಅನ್ಲಿ. ಮೂರು ವರ್ಷ ಆತು, ಆ ಹುಡುಗ ಒಂದು ಸಲ ನೀ ಹೆಂಗದೀ ಅಂತ ಕೇಳಿಲ್ಲ. ನಾನು ಅತ್ತಿ ಮನಿಯಾಗೂ ಇಲ್ಲ, ನಮ್ಮನಿಯಾಗೂ ಇದ್ದಂಗಿಲ್ಲ. ಏನು ಕೇಳಿದ್ರೂ ಮದುವಿ ಆಗ್ಲಿ ಅಂತೀ. ನಾನು ಎಲ್ಲಿ ಅದೀನವ್ವ?”

ಆಗ ನಾನು ಸುಮ್ಮನೆ ಅವಳ ತಲೆಯ ಮೇಲೆ ಕೈ ಇಡಬಹುದಿತ್ತು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಇದು ಹುಟ್ಟಿದಾಗಿನಿಂದ ಬಂದ ರೋಗ. ನಿಶ್ಚಯ ಮುರಿದ ಹುಡುಗಿಗೆ ಇನ್ನೊಂದು ಮನೆ ಹುಡುಕಲು ಹೋದರೆ ಜನ ಮೊದಲು ಕೇಳುವುದು ಯಾಕೆ ಮುರಿಯಿತು ಎಂದೇ. ಹಂಪಕ್ಕನ ಮಗಳಿಗೆ ನಾನು ಓಣಿಯಲ್ಲಿ ನಿಂತು ಅಂದ ಮಾತನ್ನು ನನ್ನ ಮಗಳಿಗೆ ಯಾರೋ ಅನ್ನುತ್ತಾರೆ. ನನ್ನ ಕಣ್ಣಿಗೆ ಕಟ್ಟಿದ್ದು ಅದೇ.

“ಬಾಯಿ ಮುಚ್ಚಿಕೊಂಡು ಬಿಸ್ಕೀಟು ಮಾಡು” ಎಂದೆ.

ಅವಳು ಎದ್ದು ಹೋಗಿ ಹಿಟ್ಟು ತಂದಳು.

ಈ ಸಲ ಅಚ್ಚಿನ ಒಂದೇ ಹೋಳಿಗೆ ಒಣ ಹಿಟ್ಟು ಉದುರಿಸಿ, ಉಂಡೆ ಒತ್ತಿ, ತಾಟಿಗೆ ತಟ್ಟಿ ಕೆಡವಿದಳು. ಉರಿ ಸಣ್ಣಗೆ, ಹೊತ್ತು ಹೆಚ್ಚಿಗೆ. ಮುಚ್ಚಳ ತೆಗೆದಾಗ ಬಂದ ಘಮಕ್ಕೆ ಕಟ್ಟೆಯ ಮೇಲಿದ್ದ ಯಜಮಾನರು ಹಿತ್ತಿಲ ತನಕ ಬಂದರು. ನವಿಲಿನ ಗರಿ ಗರಿಯೂ ಎದ್ದು ಕಾಣುತ್ತಿತ್ತು. ಬಸವಣ್ಣನ ಕೊರಳ ಗಂಟೆ, ಕಳಸದ ಎಲೆ, ಎಲ್ಲವೂ ನೆಟ್ಟಗಿದ್ದವು. ಅಂಚು ಮಾತ್ರ ತುಸು ಕೆಂಪಗೆ. ಬೆರಳಿಂದ ಬಡಿದರೆ ಟಣ್ ಅನ್ನುವಷ್ಟು ಗರಿಗರಿ. ಆನೆಯ ಜೋಡಿಯೂ ಚೆನ್ನಾಗಿ ಬಂದಿತ್ತು. ಸೊಂಡಿಲ ತುದಿಯ ಉಂಡೆಯೂ ಅಷ್ಟೇ ಚೆನ್ನಾಗಿ ಬಂದಿತ್ತು.

“ಯವ್ವಾ, ಬೆಲ್ಲದ ಗಂಟು ಕಾಣ್ತೈತಿ” ಎಂದಳು ಅರ್ಚನಾ. “ಆನಿ ಬ್ಯಾಡ ಬಿಡು.”

“ಆನಿ ಇಲ್ಲದ ಆರತಿ ಎಲ್ಯಾರ ಐತೇನು? ಮೊದ್ಲು ಕೇಳೋದಽ ಆನಿ. ಏನಾರ ಮಾಡಿ ಮುಚ್ಚು.”

ಆರಿದ ಮೇಲೆ ಬಣ್ಣ ಹಾಕಲು ಕುಳಿತಳು. ಸಕ್ಕರೆ ಪುಡಿಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ನಿಂಬೆರಸ ಹಿಂಡಿ, ಎರಡು ಹನಿ ಹಾಲು ಬಿಟ್ಟು ಕಲಸಿದಳು. ಅದು ಗಟ್ಟಿ ಮೊಸರಿನ ಹಾಗಾಯಿತು. ಹಾಲಿನ ಪಾಕೀಟನ್ನು ತೊಳೆದು, ಮೆಹಂದಿ ಕೋನಿನ ಹಾಗೆ ಸುತ್ತಿ, ಅದರಲ್ಲಿ ತುಂಬಿ, ತುದಿಗೆ ಸೂಜಿಯಷ್ಟು ಕತ್ತರಿಸಿದಳು. ಬೀಟ್‌ರೂಟಿನ ಕೆಂಪು ಸ್ವಲ್ಪ, ಅರಿಶಿನದ ಹಳದಿ ಸ್ವಲ್ಪ. ಆಮೇಲೆ ಅವಳ ಕೈ ನೋಡಬೇಕಿತ್ತು! ಉಸಿರು ಬಿಗಿಹಿಡಿದು, ನಾಲಗೆಯ ತುದಿ ಹೊರಗೆ ಹಾಕಿ, ಒಂದೊಂದು ಎಳೆ ಬಿಡುತ್ತಿದ್ದಳು. ಬಸವಣ್ಣನ ಬೆನ್ನ ಮೇಲೆ ಹೊದಿಸಿದ ಜೂಲು, ನವಿಲಿಗೆ ಕಣ್ಣು. ಆನೆಯ ಸೊಂಡಿಲ ಉಂಡೆಯ ಮೇಲೆ ಸಣ್ಣ ಸಣ್ಣ ದಳ ಎಳೆದು ಕೆಂಪು ತಾವರೆ ಮಾಡಿದಳು. ಆನೆ ಈಗ ಬೆಲ್ಲ ಹಿಡಿದಿರಲಿಲ್ಲ, ಹೂವು ಹಿಡಿದಿತ್ತು.

ಬೆಳಗಿನಿಂದ ಬೈದುಕೊಂಡೇ ಇದ್ದ ನಾನು ಆ ಎರಡು ತಾಸು ಬಾಯಿ ತೆರೆಯಲಿಲ್ಲ. ನನ್ನ ಮಗಳಿಗೆ ಇಂಥ ಕೈ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲೇ ಇದ್ದವಳು, ನನ್ನ ಕಣ್ಣೆದುರೇ ಇದ್ದವಳು. ಮದುವೆಯಾಗುವ ಹುಡುಗಿ ಎಂದು ನೋಡಿದ್ದೆನೇ ಹೊರತು ಇವಳನ್ನು ನೋಡಿರಲಿಲ್ಲ. ಆದರೂ ಸಂಜೆಯ ಯೋಚನೆ ಆ ಅರಿವನ್ನು ಹಿಂದಕ್ಕೆ ತಳ್ಳಿತು.

ಮೊದಲ ವರ್ಷ ಬೀಗರು ಕೊಟ್ಟಿದ್ದ ಸೀರೆಯನ್ನೇ ಉಡಿಸಿದೆ. ಯಾರಾದರೂ ಕೇಳಿದರೆ ಈ ವರ್ಷದ ಸೀರೆಗೆ ಫಾಲ್ ಹಚ್ಚಲು ಕೊಟ್ಟಿದ್ದೇವೆ ಎನ್ನುವುದೆಂದು ಅದನ್ನೂ ಕಲಿಸಿದೆ. ಅರ್ಚನಾ ನೆರಿಗೆ ಸಿಕ್ಕಿಸಿಕೊಂಡು ತಾಟು ಎತ್ತಿಕೊಂಡಳು.

ಮಠದ ಪಡಸಾಲೆಯಲ್ಲಿ ಆಗಲೇ ಇಪ್ಪತ್ತು ಮೂವತ್ತು ಹೆಂಗಸರು ಸೇರಿದ್ದರು. ನಾವು ಒಳಗೆ ಕಾಲಿಟ್ಟದ್ದೇ ತಡ, ಓಣಿಯ ಸುದ್ದಿಯನ್ನೆಲ್ಲ ತಾನೇ ಹೊತ್ತವಳ ಹಾಗಿರುವ ನಾಗಲಿಂಗಮ್ಮ ಕತ್ತು ಚಾಚಿದಳು.

“ಬಂತೇನವ್ವ ಹರಪನಹಳ್ಳಿಯಿಂದ?”

“ಬರದಽ ಇರ್ತೈತಾ?” ಎಂದೆ. “ಈ ವರ್ಷ ಸಕ್ರಿ ಗೊಂಬಿ ಅಲ್ಲ. ಬಿಸ್ಕೀಟಿಂದು. ಅಲ್ಲಿ ಬೇಕರ್ಯಾಗ ಹೇಳಿ ಮಾಡಿಸ್ಯಾರ.”

ನಾನು ತಾಟಿನ ಮೇಲಿನ ಬಟ್ಟೆ ತೆಗೆದೆ. ಹೆಂಗಸರು ಮುತ್ತಿಕೊಂಡರು. ಅಯ್ಯೋ ನವಿಲ ನೋಡ್ರವ್ವ, ಬಸವಣ್ಣನ ಜೂಲು ನೋಡ್ರಿ, ಎಷ್ಟು ಕೊಟ್ಟಿರಬೇಕು, ಏನು ಕಥಿ. ನಾನು ಉಬ್ಬಿಹೋದೆ. ಮಗಳ ಕೈಕೆಲಸವನ್ನು ಇಡೀ ಓಣಿ ಹೊಗಳುತ್ತಿತ್ತು, ನಾನು ಅದನ್ನು ಕಾಣದ ಯಾವನೋ ಬೇಕರಿಯವನ ಹೆಸರಿಗೆ ಬರೆದುಕೊಡುತ್ತಿದ್ದೆ. ಅರ್ಚನಾ ತಾಟು ಹಿಡಿದು ನೆಲ ನೋಡುತ್ತ ನಿಂತಿದ್ದಳು.

ಆಗ ಜನರ ಕಾಲುಗಳ ನಡುವಿಂದ ಹಂಪಕ್ಕನ ಮೊಮ್ಮಗಳು ತೂರಿ ಬಂತು. ಗಂಡನ ಮನೆಯಿಂದ ತಿರುಗಿ ಬಂದ ಮಗಳ ಮಗಳು, ಏಳೆಂಟು ವರ್ಷದ್ದು. ತುದಿಗಾಲಲ್ಲಿ ನಿಂತು ತಾಟಿನೊಳಗೆ ಇಣುಕಿತು. ಅದರ ಮುಖ ಅರಳಿತು.

“ಅಬಾ! ಬೆಲ್ಲದ ಆನಿ!” ಎಂದು ಕೂಗಿತು. “ಅಜ್ಜೀ, ನೋಡಿಲ್ಲಿ, ಅರ್ಚನಕ್ಕನ ಮನಿ ಬೆಲ್ಲದ ಆನಿ!”

ತಾಟಿನ ಮೇಲೆ ಬಗ್ಗಿದ್ದವರೆಲ್ಲ ಹಿಂದೆ ಸರಿದರು. ಆನೆಯನ್ನು ನೋಡಿದೆ. ತಾವರೆಯ ಕೆಳಗೆ ಉಂಡೆ ಹಾಗೇ ಎದ್ದು ನಿಂತಿತ್ತು. ಆ ಅಚ್ಚಿನ ಆನೆಯನ್ನು ಆರತಿ ತಾಟಿನಲ್ಲಿಡದ ಮನೆ ಆ ಪಡಸಾಲೆಯಲ್ಲಿ ಒಂದೂ ಇರಲಿಲ್ಲ. ಅದನ್ನು ಚೀಪದೆ ಬೆಳೆದ ಮಗು ಒಂದೂ ಇರಲಿಲ್ಲ. ಮೇಲೆ ಎಷ್ಟು ಬಣ್ಣ ಬಳಿದರೂ ಅದು ಗುರುಬಸಮ್ಮನ ಮನೆಯ ಆನೆಯೆಂದು ಎಲ್ಲರಿಗೂ ಗೊತ್ತು. ಇಷ್ಟು ಹೊತ್ತು ಹೊಗಳಿದವರೆಲ್ಲ ಬಟ್ಟೆ ತೆಗೆದ ಕೂಡಲೇ ಗುರುತು ಹಿಡಿದಿದ್ದರು. ಗುರುತು ಹಿಡಿದೂ ಹೊಗಳಿದ್ದರು. ನಾಗಲಿಂಗಮ್ಮನ ಮುಖ ನೋಡಿದೆ. ಅವಳು ಸಟ್ಟನೆ ಗೌರಿಯ ಕಡೆ ತಿರುಗಿ, ಇಲ್ಲದ ಬತ್ತಿ ಸರಿಮಾಡತೊಡಗಿದಳು.

ಹಂಪಕ್ಕ ಎದ್ದು ಬಂದಳು. ಹತ್ತಿರ ಬಂದು, ಬಗ್ಗಿ, ಆನೆಯನ್ನು ಚೆನ್ನಾಗಿ ನೋಡಿದಳು. ಅವಳ ಕೈ ಜಾರಿದ್ದಕ್ಕೇ ಹುಟ್ಟಿದ ಉಂಡೆ ಅದು. ಈಗ ಇವಳು ಅನ್ನುತ್ತಾಳೆ, ಎಂಟು ವರ್ಷದ ಬಡ್ಡಿಯ ಸಮೇತ ಅನ್ನುತ್ತಾಳೆ ಎಂದು ನಾನು ಸೆರಗು ಬಿಗಿಹಿಡಿದು ನಿಂತೆ. ಅನ್ನಲಿಕ್ಕೆ ಅವಳಿಗೆ ಹಕ್ಕಿತ್ತು. ನಾನು ಅವಳ ಜಾಗದಲ್ಲಿದ್ದಿದ್ದರೆ ಬಿಡುತ್ತಿರಲಿಲ್ಲ.

ಹಂಪಕ್ಕ ಮೊಮ್ಮಗಳ ತಲೆಗೆ ಮೆಲ್ಲಗೆ ಮೊಟಕಿದಳು.

“ಎಲ್ಲಾರ ಮುಂದ ಏನೇನರ ಒದರಬ್ಯಾಡಲೇ. ಎಲ್ಲೈತಿ ಬೆಲ್ಲ? ಅದು ತಾವರಿ ಹೂವು. ಹರಪನಹಳ್ಳಿಯೋರು ಹೂವ ಹಿಡಿದ ಆನಿ ಮಾಡಿಸ್ಯಾರ. ದೊಡ್ಡ ಮನಿಯೋರು ನೋಡು, ಅವರ ಆನಿನೂ ಹಂಗಽ ಇರ್ತಾವ.” ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, “ಬೇಷ್ ಕಳಿಸ್ಯಾರ ಬಿಡವ್ವ ಅರ್ಚನಾ, ನಿಮ್ಮತ್ತಿ ಮನಿಯೋರು” ಎಂದಳು.

ಅಬ್ಬಾ! ನನ್ನ ಕಪಾಳಕ್ಕೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಸುಳ್ಳನ್ನು ಅವಳು ತನ್ನ ತಲೆಯ ಮೇಲೆ ಹೊತ್ತಳು. ಅದೂ ಏನೂ ಅರಿಯದ ಆ ಕೂಸನ್ನು ಸುಳ್ಳು ಮಾಡಿ. ಮಗು ತಲೆ ಸವರಿಕೊಳ್ಳುತ್ತ, ತಾನು ಕಂಡಿದ್ದು ತಪ್ಪೋ ಏನೋ ಎನ್ನುವ ಹಾಗೆ ಆನೆಯನ್ನೇ ನೋಡುತ್ತಿತ್ತು. ಅರ್ಚನಾಳ ಕಣ್ಣಲ್ಲಿ ನೀರು ತುಂಬಿತ್ತು. ಈ ವರ್ಷದ ಸಂಕಟ ಹೇಗೋ ಕಳೆಯಿತು, ಇನ್ನು ಮುಂದಿನ ವರ್ಷಕ್ಕೂ ಇದೇ ಅಲ್ಲವೇ? ಮತ್ತೆ ಮೂರು ಬಸ್ಸು ಕಾಯುವುದು, ಮತ್ತೆ ಬಿಸ್ಕತ್ತು, ಮತ್ತೆ ಇಡೀ ಓಣಿ ಕರುಣೆಯಿಂದ ಸುಳ್ಳು ಹೇಳುವುದು.

“ಹಂಪಕ್ಕ” ಎಂದೆ. ಎಂಟು ವರ್ಷದ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂದಿತ್ತು. “ಕೂಸು ಖರೇ ಹೇಳೈತಿ. ಅದು ಬೆಲ್ಲದ ಆನಿನಽ. ಹರಪನಹಳ್ಳಿಯಿಂದ ಏನೂ ಬಂದಿಲ್ಲ.”

“ಗುರುಬಸಮ್ಮ, ಇರ್ಲಿ ಬಿಡು…”

“ಯಾಕ ಬಿಡ್ಲಿ? ಬೆಳಿಗ್ಗಿಯಿಂದ ಒಲಿ ಮುಂದ ಕುಂತು ಇದನ್ನೆಲ್ಲ ಮಾಡಿದಾಕಿ ನನ್ನ ಮಗಳು. ನೀವೆಲ್ಲಾ ಅಯ್ಯಯ್ಯೋ ಅಂದ್ರಲ್ಲ, ಆ ನವಿಲು, ಆ ಜೂಲು, ಎಲ್ಲಾ ಈಕಿ ಕೈಯಾಗಿಂದು. ಮೂರು ವರ್ಷ ನನ್ನ ಮಗಳನ್ನ ಕಾಯಿಸ್ಯಾರ. ಈ ವರ್ಷ ಅವರು ಬಂದಿಲ್ಲ. ಇನ್ನ ಮ್ಯಾಲೆ ಬರೋದೂ ಬ್ಯಾಡ. ಯಾರರ ಏನರ ಅನ್ನೋದಿದ್ರ ಈಗಽ ಅನ್ರಿ, ನನ್ನ ಮುಖಕ್ಕಽ ಅನ್ರಿ. ನಾನೂ ಎಲ್ಲಾರಿಗೂ ಅಂದೀನಿ.”

ಕೊನೆಯ ಮಾತು ಹಂಪಕ್ಕನ ಕಣ್ಣು ನೋಡಿ ಹೇಳಿದೆ. “ನಿನಗೂ ಅಂದೀನಿ. ಅನ್ನಬಾರದಿತ್ತು.”

ಹಂಪಕ್ಕ ಒಂದು ಗಳಿಗೆ ನನ್ನನ್ನು ನೋಡಿ, ಮೂಗು ಒರೆಸಿಕೊಂಡು, ಅರ್ಚನಾಳ ಕಡೆ ತಿರುಗಿದಳು. “ಮತ್ಯಾಕ ನಿಂತೀಯವ್ವ? ದೀಪ ಹಚ್ಚು. ಹೊತ್ತು ಆಗ್ತೈತಿ.”

ಅರ್ಚನಾ ಆರತಿ ಬೆಳಗಿದಳು. ಆಮೇಲೆ ತಾಟು ಹಿಡಿದು ಎಲ್ಲರಿಗೂ ಹಂಚಿದಳು. ಬೆಲ್ಲದ ಆನೆಯನ್ನು ಮೊದಲು ಹಂಪಕ್ಕನ ಮೊಮ್ಮಗಳಿಗೇ ಕೊಟ್ಟಳು. ಸಕ್ಕರೆ ಗೊಂಬೆಯನ್ನಾದರೆ ಎಲ್ಲರೂ ಸದ್ದಿಲ್ಲದೆ ಚೀಪುತ್ತಾರೆ. ಅವತ್ತು ಪಡಸಾಲೆಯ ತುಂಬ ಕಟುಂ ಕಟುಂ ಸದ್ದು. ನಾಗಲಿಂಗಮ್ಮ ಎರಡನೆಯದಕ್ಕೆ ಕೈ ಒಡ್ಡಿ, “ನಮ್ಮ ಹುಡುಗನ ನಾಮಕರಣಕ್ಕ ಇದನ್ನ ಮಾಡಿಕೊಡ್ತಿಯೇನವ್ವ?” ಎಂದು ಕೇಳಿದಳು. ಹೊರಡುವಾಗ ಹಂಪಕ್ಕ ನನ್ನ ಪಕ್ಕಕ್ಕೆ ಬಂದು, ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿ, “ಮುಂದಿನ ವರ್ಷ ಅಚ್ಚು ಕೊಡ್ತೀಯೇನು?” ಎಂದಳು.

“ಕೊಡ್ತೀನಿ. ಬೀಳಿಸಿದ್ರ ಮತ್ತ ಬೈತೀನಿ.”

“ಬೈ. ಬೈಯೋದು ನೀ ಬಿಟ್ರ ಓಣಿ ಬಣಗುಡತೈತಿ” ಎಂದಳು.

ಮರುದಿನ ಯಜಮಾನರು ನಿಶ್ಚಯದ ಸೀರೆ, ಉಂಗುರ ತೆಗೆದುಕೊಂಡು ಹರಪನಹಳ್ಳಿಗೆ ಹೋಗಿ ಮಧ್ಯಾಹ್ನಕ್ಕೆಲ್ಲ ಬಂದರು. ಕಟ್ಟೆಯ ಮೇಲೆ ಕುಳಿತು ಟವೆಲ್ಲು ತೆಗೆದರು.

“ಏನಂದ್ರು?”

“ಏನೂ ಇಲ್ಲ. ಇಸ್ಕೊಂಡ್ರು. ‘ನಾವಽ ಹೇಳಿ ಕಳಸಬೇಕು ಅಂತಿದ್ವಿ’ ಅಂದ್ರು.”

ಅಷ್ಟೇ! ಹೇಳಿ ಕಳಿಸಬೇಕು ಎಂದು ಎಷ್ಟು ದಿನದಿಂದ ಅಂದುಕೊಂಡಿದ್ದರೋ ಯಾರಿಗೆ ಗೊತ್ತು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವರ ಮೇಲಿನ ಸಿಟ್ಟಿಗೆ ಅಲ್ಲ. ಆ ಮನೆಯವರು ಎಂದೋ ಬಿಟ್ಟುಕೊಟ್ಟಿದ್ದ ಹುಡುಗಿಯನ್ನು ನಾನೇ ಅವರ ಹೆಸರಲ್ಲಿ ಕಟ್ಟಿಹಾಕಿ ಇಟ್ಟಿದ್ದೆ. ಅವಳನ್ನು ಕಾಯಿಸಿದ್ದು ಅವರಿಗಿಂತ ನಾನೇ ಹೆಚ್ಚು. ಹಿತ್ತಿಲಿಗೆ ಹೋಗಿ ಆರಿದ ಒಲೆಯ ಮುಂದೆ ಕುಳಿತು, ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಸ್ವಲ್ಪ ಹೊತ್ತಿಗೆ ಅರ್ಚನಾ ಬಂದು ಪಕ್ಕದಲ್ಲಿ ಕುಳಿತಳು. ಕೈಯಲ್ಲಿ ಒಂದು ಆನೆ ಇತ್ತು. ಜೋಡಿಯಲ್ಲಿ ಉಳಿದದ್ದು.

“ತಗಾ. ನೀ ಒಂದೂ ತಿಂದಿಲ್ಲ.”

“ಬ್ಯಾಡವ್ವ.”

“ತಿನ್ನು.” ಅವಳೇ ಬಾಯಿಗಿಟ್ಟಳು. “ಯವ್ವಾ, ನೀ ಬೈಯೋದು ಹುಟ್ಟಿದಾಗಿಂದ ಕೇಳೀನಿ. ನನ್ನ ಪರ ಬೈದಿದ್ದು ನಿನ್ನಿನಽ ಮೊದ್ಲು.”

ನಾನು ಸೊಂಡಿಲಿನ ಕಡೆಯಿಂದ ಕಚ್ಚಿದೆ. ಮೇಲೆ ನಿಂಬೆಯ ಹುಳಿ, ಒಳಗೆ ಬೆಣ್ಣೆ, ಏಲಕ್ಕಿ. ಉಂಡೆ ಇದ್ದಲ್ಲಿ ದಪ್ಪ, ಗಟ್ಟಿ. ಬಾಯಿ ತುಂಬಿತು.

ಅದನ್ನೇ ಕಾಯುತ್ತಿದ್ದಳೋ ಏನೋ, ಕೇಳಿಯೇ ಬಿಟ್ಟಳು. “ದಾವಣಗೇರಿಗೆ ಹೋಗಿ ಆರು ತಿಂಗಳು ಕಲ್ತು ಬರ್ಲೇನು? ಮೇಡಂ ಇನ್ನೊಮ್ಮೆ ಹೇಳಿ ಕಳಿಸ್ಯಾರ.”

ಮೂರು ವರ್ಷದ ರೂಢಿ ಎಲ್ಲಿಗೆ ಹೋಗಬೇಕು? ‘ಮದುವಿ ಆಗ್ಲಿ ಮೊದ್ಲು’ ಎಂಬ ಮಾತು ತಾನೇ ತಾನಾಗಿ ಗಂಟಲಿಗೆ ಬಂತು. ಆದರೆ ಬಾಯಲ್ಲಿ ಆನೆಯಿತ್ತು. ಅದನ್ನು ಅಗಿಯಬೇಕಿತ್ತು, ನುಂಗಬೇಕಿತ್ತು. ಕಟುಂ ಕಟುಂ ಎಂದು ಅಗಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಉಸಿರು ಬಿಗಿಹಿಡಿದು, ನಿನ್ನೆ ಬಣ್ಣ ಹಾಕುವಾಗ ಇದ್ದಳಲ್ಲ ಹಾಗೆ. ಪೂರಾ ಅಗಿದು ನುಂಗಿದೆ. ಅಷ್ಟರಲ್ಲಿ ಆ ಮಾತೂ ಒಳಗೆ ಇಳಿದುಹೋಗಿತ್ತು.

“ಯಾವಾಗಿಂದ ಹೋಗ್ಬೇಕು?” ಎಂದೆ.